ಕುಡಿದು ಹಾಡಿದ್ದಾನೆ ಅಂದರು

ಲಿಂಡ್ಸೆ ಕ್ರಾಂಬಿಯ ಫೋನ್ ಬಂದಾಗ ರೇವಿನ್ ಹ್ಯಾಗರ್ಟ್ ಬಸ್ ಡಿಪೋದ ಗೋಡೆಗೆ ಒರಗಿ ನಿಂತು ಪೈ ತಿನ್ನುತ್ತಿದ್ದಳು. ಮಧ್ಯಾಹ್ನದ ಪಾಳಿಗೆ ಇನ್ನೂ ಹತ್ತು ನಿಮಿಷವಿತ್ತು. ಇಬ್ಬರೂ ಒಂದೇ ಊರಿನವರು, ಡನೀಡಿನ್‌ನವರು. ಆದರೂ ಇಪ್ಪತ್ತೇಳು ವರ್ಷಗಳಲ್ಲಿ ಅವನು ಅವಳಿಗೆ ಫೋನ್ ಮಾಡಿದ್ದಿಲ್ಲ. ಅಂಗಡಿಯಲ್ಲೋ ಬೀದಿಯಲ್ಲೋ ಎದುರಾದರೆ ತಲೆಯಾಡಿಸಿ ಮುಂದೆ ಹೋಗುವುದು, ಅಷ್ಟೆ.

"ಇನ್ನೊಂದು ರೆಕಾರ್ಡ್ ಮಾಡೋಣ ಕಣೇ," ಅಂದ ಅವನು. ಮಾತು ತೊದಲಿ, ಜಾರಿ ಬಂದಂತಿತ್ತು.

"ಹಗಲು ಹನ್ನೆರಡಕ್ಕೇ ಶುರು ಹಚ್ಕೊಂಡಿದೀಯಾ, ಲಿಂಡ್ಸೆ?"

"ನೀನೂ ಅದನ್ನೇ ಕೇಳ್ತೀಯಲ್ಲ. ಬಂದರಲ್ಲಿ ಎಲ್ರೂ ಅದನ್ನೇ ಕೇಳಿದ್ರು. ಆಮೇಲೆ ಬಾಯಿ ವಾಸ್ನೆ ನೋಡೋಕೆ ಹತ್ರ ಬಂದು ನಿಂತ್ಕೋತಿದ್ರು. ಕುಡಿದಿಲ್ಲ ಕಣೇ. ಭಾನುವಾರ ಮನೆಗೆ ಬಾ. ತಾಹುನೂ ಬರ್ತಾನೆ."

ಲಿಂಡ್ಸೆ, ತಾಹು, ರೇವಿನ್. ಒಂದು ಕಾಲದಲ್ಲಿ ಈ ಮೂವರೂ ಸೇರಿ 'ವೆಟ್ ಕೋಲ್' ಎಂಬ ತಂಡ. ಲಿಂಡ್ಸೆ ಹಾಡು ಕಟ್ಟಿ, ಗಿಟಾರ್ ಹಿಡಿದು ಹಾಡುತ್ತಿದ್ದ. ತಾಹುವಿನದು ಬೇಸ್ ಗಿಟಾರ್. ರೇವಿನ್‌ಳದು ಡ್ರಮ್ಸ್. ಚಳಿಗಾಲದಲ್ಲಿ ಬಿಸಿಲೇ ಬೀಳದ ನಾರ್ತ್ ಈಸ್ಟ್ ವ್ಯಾಲಿಯ ಬಾಡಿಗೆ ಮನೆಯೊಂದರಲ್ಲಿ, ಕಿಟಕಿಗಳಿಗೆ ಕಂಬಳಿ ಹೊಡೆದು, ಯಾರಿಂದಲೋ ಎರವಲು ತಂದ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಎರಡು ವಾರಗಳಲ್ಲಿ ಅವರು 'ಹಾರ್ಬರ್ ಕೋನ್' ಎಂಬ ರೆಕಾರ್ಡನ್ನು ಮುದ್ರಿಸಿದ್ದು ಎಂಬತ್ತಾರರಲ್ಲಿ. ಹಾಡಿನುದ್ದಕ್ಕೂ ಟೇಪಿನ ಸುಯ್ಯೆನ್ನುವ ಸದ್ದು. ಒಂದು ಹಾಡಿನ ನಡುವೆ ಪಕ್ಕದ ಮನೆಯ ನಾಯಿ. ಕೊನೆಯ ಹಾಡು ನಿಂತದ್ದು ಟೇಪು ಮುಗಿಯಿತೆಂದು. ಒತ್ತಿಸಿದ್ದು ಮುನ್ನೂರು ಪ್ರತಿ. ಎರಡು ವರ್ಷಗಳ ಮೇಲೆ, ಕ್ರೈಸ್ಟ್‌ಚರ್ಚಿನಿಂದ ವ್ಯಾನಿನಲ್ಲಿ ಹಿಂದಿರುಗುವಾಗ ಜಗಳವಾಗಿ ತಂಡ ಒಡೆಯಿತು. ಜಗಳ ಯಾವುದಕ್ಕೆಂಬುದು ಮೂವರಿಗೂ ಬೇರೆ ಬೇರೆಯಾಗಿ ನೆನಪಿತ್ತು.

ಅದು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಇವರು ಬಸ್ಸು ಓಡಿಸುತ್ತಾ, ಬಂದರಿನಲ್ಲಿ ದಿಮ್ಮಿ ಎಣಿಸುತ್ತಾ, ಶಾಲೆಯ ಮಕ್ಕಳಿಗೆ ಮರಗೆಲಸ ಕಲಿಸುತ್ತಾ ಇದ್ದ ವರ್ಷಗಳಲ್ಲಿ ಆ ರೆಕಾರ್ಡು ತನ್ನ ಪಾಡಿಗೆ ತಾನು ಊರೂರು ಅಲೆಯಿತು. ಷಿಕಾಗೋದ ವಿದ್ಯಾರ್ಥಿಗಳು ಅದನ್ನು ನಕಲು ಮಾಡಿ ಹಂಚಿಕೊಂಡರು. ಒಸಾಕಾದ ಒಂದು ಅಂಗಡಿ ಅದರ ಹೊದಿಕೆಯನ್ನು ಗೋಡೆಗೆ ತೂಗುಹಾಕಿತು. ಮನೆಯಲ್ಲೇ ಅಗ್ಗದ ಯಂತ್ರದಲ್ಲಿ ಮುದ್ರಿಸಿದ ಇಂಥ ಸಂಗೀತಕ್ಕೆ ಲೋ-ಫೈ ಎಂದು ಹೆಸರಿಟ್ಟು, ಆ ಸುಯ್ಯೆನ್ನುವ ಸದ್ದಿಗೇ ಮನಸೋತವರು ಎಲ್ಲ ದೇಶಗಳಲ್ಲೂ ಒಬ್ಬಿಬ್ಬರಿದ್ದರು. ವರ್ಷಕ್ಕೆ ನಾಲ್ಕೈದು ಕಾಗದ ಬರುತ್ತಿದ್ದವು. ರೇವಿನ್ ಅವನ್ನು ಅಡುಗೆಮನೆಯ ಖಾನೆಯಲ್ಲಿ ತುಂಬಿಡುತ್ತಿದ್ದಳು. ಉತ್ತರ ಬರೆದವಳಲ್ಲ.

ಭಾನುವಾರ ಕೇರಿಸ್ ಬೇಯಲ್ಲಿದ್ದ ಲಿಂಡ್ಸೆಯ ಮನೆಯಲ್ಲಿ ಅವನ ಅಕ್ಕ ಐಲ್ಸಾ ಚಹಾ ಕೊಟ್ಟಳು. ಎರಡು ಗುಟುಕು ಒಳಗೆ ಹೋಗುವಷ್ಟರಲ್ಲಿ ಲಿಂಡ್ಸೆಗೆ ನೆತ್ತಿಗೇರಿತು. ಅವನು ಮುಖ ಕೆಂಪಗಾಗುವಷ್ಟು ಕೆಮ್ಮಿ, ಕಣ್ಣೊರೆಸಿಕೊಂಡು, ಡಾಕ್ಟರು ಹೇಳಿದ್ದನ್ನು ಹೇಳಿದ. ನರಗಳು ಒಂದೊಂದಾಗಿ ಸ್ನಾಯುಗಳ ಕೈಬಿಡುವ ಕಾಯಿಲೆ. ಅವನಿಗೆ ನಾಲಿಗೆ ಮತ್ತು ಗಂಟಲಿನಿಂದ ಶುರುವಾಗಿತ್ತು. ಆಮೇಲೆ ಕೈ, ಕಾಲು, ಕೊನೆಗೆ ಉಸಿರು. ತಲೆಗೆ ಏನೂ ಆಗುವುದಿಲ್ಲ. ಎಲ್ಲ ಗೊತ್ತಾಗುತ್ತಲೇ ಇರುತ್ತದೆ.

ತಾಹು ಕಪ್ಪನ್ನು ಕೆಳಗಿಟ್ಟ. "ಎಷ್ಟು ದಿನ?"

"ಹಾಡೋಕಾ, ಬದುಕೋಕಾ? ಹಾಡೋಕೆ ಈ ಚಳಿಗಾಲ ಒಂದು. ಅದ್ಕೇ ಕರೆದಿದ್ದು." ಅವನು ಒಂದೊಂದು ಮಾತನ್ನೂ ಎತ್ತಿಟ್ಟು ಆಡುತ್ತಿದ್ದ. "ಒಂದು ಷರತ್ತು. ಯಾರಿಗೂ ಹೇಳ್ಬಾರ್ದು. ರೆಕಾರ್ಡ್ ಹೊರಗೆ ಬಂದ ಮೇಲೂ ಹೇಳ್ಬಾರ್ದು. ನಾನು ಹೋಗೋ ತನಕ."

"ಯಾಕೋ?" ರೇವಿನ್ ಕೇಳಿದಳು. "ಕೇಳಿದ ಜನ ಏನೇನೋ ಅಂದ್ಕೋತಾರೆ."

"ಅಂದ್ಕೊಳ್ಳಲಿ. ಮೊದಲ್ನೇ ರೆಕಾರ್ಡ್ ಕೇಳಿದೋರಿಗೆ ನಾವು ಯಾರು ಅಂತ್ಲೇ ಗೊತ್ತಿರ್ಲಿಲ್ಲ. ಮೂರು ಜನ ಗಂಡ್ಸರು ಅಂದ್ಕೊಂಡಿದ್ರು ಎಷ್ಟೋ ಜನ. ಟೇಪಲ್ಲಿ ಇದ್ದದ್ದನ್ನ ಕೇಳಿದ್ರು, ಹಿಡಿಸ್ತು, ಇಟ್ಕೊಂಡ್ರು. ನಂಗೆ ಅದೇ ಬೇಕು ಇನ್ನೊಂದ್ಸಲ. ಕೆಟ್ಟದಾಗಿದ್ರೆ ಕೆಟ್ಟದು ಅನ್ಲಿ. ಪಾಪ ಅನ್ನೋದು ಬೇಡ."

ಇಬ್ಬರೂ ಒಪ್ಪಿದರು. ಐಲ್ಸಾ ಒಪ್ಪಿಗೆ ಹೇಳಲಿಲ್ಲ. ಚೀಸ್ ರೋಲುಗಳ ತಟ್ಟೆಯನ್ನು ಮಧ್ಯಕ್ಕೆ ತಳ್ಳಿ ಒಳಗೆ ಹೋದಳು.

ಅಲ್ಲಿನ ಚಳಿಗಾಲವಾದ ಜೂನ್‌ನಿಂದ ಆಗಸ್ಟ್‌ವರೆಗೆ ಪ್ರತಿ ಭಾನುವಾರ ಲಿಂಡ್ಸೆಯ ಮನೆಯ ಹಿಂದಿನ ಶೆಡ್ಡಿನಲ್ಲಿ ಮುದ್ರಣ ನಡೆಯಿತು. ತಾಹು ಎಲ್ಲಿಂದಲೋ ಒಂದು ಹಳೆಯ ನಾಲ್ಕು ಟ್ರ್ಯಾಕಿನ ಯಂತ್ರ ಹುಡುಕಿ ತಂದಿದ್ದ. ಸೀಮೆಎಣ್ಣೆಯ ಹೀಟರು ಹಚ್ಚಿದರೂ ರೇವಿನ್‌ಳ ಬೆರಳುಗಳು ಡ್ರಮ್ಸ್ ಕೋಲಿಗೆ ಅಂಟಿಕೊಳ್ಳುವಷ್ಟು ಚಳಿ. ಮೊದಲ ಭಾನುವಾರ ಅವಳ ಮೊಣಕೈ ಎರಡೇ ಹಾಡಿಗೆ ಸೋತಿತು. ಮೂರನೆಯ ಭಾನುವಾರದ ಹೊತ್ತಿಗೆ ಮೈಯೇ ಹಳೆಯದನ್ನು ನೆನಪು ಮಾಡಿಕೊಂಡಿತು. ಬಹಳ ವರ್ಷಗಳ ಮೇಲೆ ಅವಳಿಗೆ ಬೆವರು ಬಂದು ಖುಷಿಯಾಯಿತು. ಆ ಖುಷಿಗೆ ನಾಚಿಕೆಯೂ ಆಯಿತು.

ಏಕೆಂದರೆ ಲಿಂಡ್ಸೆ ವಾರದಿಂದ ವಾರಕ್ಕೆ ಕರಗುತ್ತಿದ್ದ. ಮೊದಲು ಅವನ 'ಸ' ಹೋಯಿತು. ಆಮೇಲೆ 'ರ'. ಜುಲೈ ಕೊನೆಗೆ ಎಡಗೈಯ ಬೆರಳುಗಳು ತಂತಿಯನ್ನು ಒತ್ತಿ ಹಿಡಿಯಲಾರದೆ ಹೋದವು. ಅವನು ತಂತಿಗಳನ್ನೇ ಬೇರೆ ಶ್ರುತಿಗೆ ಬಿಗಿದು, ಒಂದೇ ಬೆರಳಿನಲ್ಲಿ ನುಡಿಸುವ ಉಪಾಯ ಮಾಡಿಕೊಂಡ. ಇನ್ನೊಂದು ಸಲ ಹಾಡುತ್ತೀಯಾ ಎಂದು ಕೇಳಿದರೆ, "ಇದ್ದದ್ದು ಇರ್ಲಿ ಬಿಡು, ಮುಂದಿನ್ ಹಾಡು," ಎನ್ನುತ್ತಿದ್ದ. ಕೊನೆಯ ಹಾಡನ್ನು ಮುದ್ರಿಸಿದ್ದು ಆಗಸ್ಟ್‌ನ ಎರಡನೆಯ ಭಾನುವಾರ. ಮೂರು ನಿಮಿಷದ ಹಾಡು. ಮೂರು ನಿಮಿಷ ಮುಗಿದರೂ ಲಿಂಡ್ಸೆ ಕೊನೆಯ ಸಾಲನ್ನೇ ಮತ್ತೆ ಮತ್ತೆ ಹಾಡುತ್ತಾ ಹೋದ. ನಿಲ್ಲಿಸಿದರೆ ಮತ್ತೆ ಹಾಡುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು. ರೇವಿನ್ ತಾನಾಗಿ ನಿಲ್ಲಿಸಲಿಲ್ಲ, ತಾಹುವೂ ನಿಲ್ಲಿಸಲಿಲ್ಲ. ಏಳು ನಿಮಿಷದ ಮೇಲೆ ಲಿಂಡ್ಸೆ ಉಸಿರು ಸಾಲದೆ ತಾನೇ ಕೈಬಿಟ್ಟ.

ರೆಕಾರ್ಡಿಗೆ 'ಲೋ ವಾಟರ್' ಎಂದು ಹೆಸರಿಟ್ಟರು. ಆಕ್ಲೆಂಡಿನಲ್ಲಿ ಮನೆಯಿಂದಲೇ ಸಣ್ಣ ರೆಕಾರ್ಡ್ ಕಂಪನಿ ನಡೆಸುವ ಡೆರಿಲ್ ಪೈಕ್ ಎಂಬವನು ಅದನ್ನು ಹೊರತರಲು ಒಪ್ಪಿದ. ಟೇಪು ಕೇಳಿ ಅವನು ರೇವಿನ್‌ಗೆ ಫೋನ್ ಮಾಡಿ, "ಚೆನ್ನಾಗಿದೆ. ಆದ್ರೆ ಒಂದ್ ಮಾತು ಕೇಳ್ಲಾ? ಲಿಂಡ್ಸೆ ಸಿಕ್ಕಾಪಟ್ಟೆ ಕುಡೀತಾನಾ ಈಗ?" ಎಂದ. "ಅವ್ನು ಮೊದ್ಲಿಂದ್ಲೂ ಹಾಗೇ," ಎಂದಳು ರೇವಿನ್. ಲಿಂಡ್ಸೆ ಜನ್ಮದಲ್ಲಿ ಎರಡು ಬಿಯರ್ ದಾಟಿದವನಲ್ಲ.

ಮುಂದಿನ ಫೆಬ್ರವರಿಯಲ್ಲಿ 'ಲೋ ವಾಟರ್' ಹೊರಬಂತು. ಅಷ್ಟರಲ್ಲಿ ಲಿಂಡ್ಸೆಯ ಮಾತು ಪೂರ್ತಿ ಹೋಗಿತ್ತು. ತೊಡೆಯ ಮೇಲೆ ಟ್ಯಾಬ್ ಇಟ್ಟುಕೊಂಡು, ಬಲಗೈಯ ತೋರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತಿದ್ದ. ಯಂತ್ರದ ಹೆಣ್ಣು ದನಿ ಅದನ್ನು ಓದಿ ಹೇಳುತ್ತಿತ್ತು. ಪಾಳಿ ಮುಗಿಸಿ ರೇವಿನ್ ಅವನ ಮನೆಗೆ ಹೋದರೆ, ಕೇಳುಗರು ಅಂತರ್ಜಾಲದಲ್ಲಿ ಬರೆದದ್ದನ್ನೆಲ್ಲ ಅವನು ತೆಗೆದಿಟ್ಟುಕೊಂಡು ಕಾಯುತ್ತಿದ್ದ. "ಬೈದಿರೋದನ್ನ ಮೊದ್ಲು ಓದು," ಎನ್ನುತ್ತಿತ್ತು ಆ ಹೆಣ್ಣು ದನಿ.

ಬೈದವರು ಬಹಳ ಮಂದಿ ಇದ್ದರು. ಒಬ್ಬ, ಮುದುಕರು ಹಳೆಯ ಹೆಸರನ್ನು ಮಾರಿಕೊಳ್ಳುತ್ತಿದ್ದಾರೆ ಎಂದ. ಇನ್ನೊಬ್ಬಳು, ಡ್ರಮ್ಸ್ ಮಾತ್ರ ಬದುಕಿದೆ, ಉಳಿದವರು ಮಲಗಿದ್ದಾರೆ ಎಂದಳು. ಲಿಂಡ್ಸೆ ರೇವಿನ್‌ಳ ಕಡೆ ನೋಡಿ ಹುಬ್ಬು ಹಾರಿಸಿದ. ಹೊಗಳಿದವರೂ ಇದ್ದರು. ಮಾತು ಅರ್ಧಕ್ಕೇ ತುಂಡಾಗಿ ಬೀಳುವ ಈ ಶೈಲಿಯನ್ನು ಇವರು ಇಷ್ಟು ವರ್ಷ ಪಳಗಿಸಿದ್ದಾರೆ ಎಂದು ಷಿಕಾಗೋದವನೊಬ್ಬ ಎರಡು ಪುಟ ಬರೆದಿದ್ದ. ಅದನ್ನು ಓದುವಾಗ ಲಿಂಡ್ಸೆಗೆ ನಗು ಬಂದು, ನಗು ಕೆಮ್ಮಾಗಿ, ಐಲ್ಸಾ ಓಡಿಬಂದು ಬೆನ್ನು ತಟ್ಟಬೇಕಾಯಿತು.

ಅವನಿಗೆ ಬಹಳ ಹಿಡಿಸಿದ ಬರಹ ಇನ್ವರ್‌ಕಾರ್ಗಿಲ್‌ನ ನೆವಿಲ್ ಪ್ರೂಡೆನ್ ಎಂಬವರದು. ದಕ್ಷಿಣದ ಹಳೆಯ ತಂಡಗಳ ಅಭಿಮಾನಿಗಳು ಸೇರುವ ತಾಣವೊಂದರಲ್ಲಿ ಅವರು ಬರೆದಿದ್ದರು. 'ಇಪ್ಪತ್ತೊಂಬತ್ತು ವರ್ಷ ಕಾದಿದ್ದೇನೆ. ಕ್ರಾಂಬಿ ಕುಡಿದು ಹಾಡಿದ್ದಾನೆ. ಅದನ್ನು ಕ್ಷಮಿಸಬಲ್ಲೆ. ಕ್ಷಮಿಸಲಾಗದ್ದು ಬೇರೆ ಇದೆ. ಐದನೆಯ ಹಾಡಿನ ಎರಡನೆಯ ಚರಣದಲ್ಲಿ ಗಿಟಾರು ಸ್ವರ ಬದಲಿಸಬೇಕಾದ ಕಡೆ ಬದಲಿಸುವುದೇ ಇಲ್ಲ. ಮೊದಲು ಸೋಮಾರಿತನ ಎಂದುಕೊಂಡೆ. ಹತ್ತು ಸಲ ಕೇಳಿದ ಮೇಲೆ, ಅಲ್ಲಿ ಬದಲಿಸದೆ ಇದ್ದದ್ದರಿಂದಲೇ ಆ ಹಾಡು ನಿಂತಿದೆ ಅನಿಸಿತು. ಏಳನೆಯದು ಈ ತಂಡ ಮಾಡಿದ ಅತ್ಯುತ್ತಮ ಹಾಡು. ಕೊನೆಯದನ್ನು ಮೂರು ನಿಮಿಷಕ್ಕೇ ನಿಲ್ಲಿಸಬೇಕಿತ್ತು. ಆಮೇಲಿನ ನಾಲ್ಕು ನಿಮಿಷ ಬರೀ ಮೊಂಡುತನ. ಇಷ್ಟು ಒಳ್ಳೆಯ ಹಾಡನ್ನು ಹೀಗೆ ಹಾಳು ಮಾಡುವುದಕ್ಕೆ ಇವರಿಗೆ ಯಾರು ಹೇಳಿದರು?'

"ಈ ಮನುಷ್ಯಂಗೆ ಏನ್ ಗೊತ್ತು?" ರೇವಿನ್‌ಗೆ ಸಿಟ್ಟು ಬಂತು. "ಆ ನಾಲ್ಕು ನಿಮಿಷ ಏನು ಅಂತ..."

ಲಿಂಡ್ಸೆಯ ಬೆರಳು ಅಕ್ಷರಗಳ ಮೇಲೆ ಬಹಳ ಹೊತ್ತು ಹುಡುಕಾಡಿತು. "ಅವ್ರು ಹೇಳಿದ್ದು ಸರಿ," ಎಂದಿತು ಯಂತ್ರ. ಮತ್ತೆ ಹುಡುಕಾಟ. "ಉದ್ದ ಆಯ್ತು. ಹತ್ತು ಸಲ ಕೇಳಿದಾರೆ ನೋಡು. ನಮ್ಮಮ್ಮ ಕೂಡ ನನ್ನ ಹಾಡು ಹತ್ತು ಸಲ ಕೇಳಿಲ್ಲ."

ಅವನು ನೆವಿಲ್‌ಗೆ ಉತ್ತರ ಬರೆಯಲು ತೊಡಗಿದ. ದಿನಕ್ಕೆ ಎರಡು ಸಾಲು. ಐದನೆಯ ಹಾಡಿನ ಸ್ವರದ ಬಗ್ಗೆ ಒಂದು ವಾದ ಹೂಡಿದ್ದ. ಒಂದೇ ಬೆರಳಿನ ಸಂಗತಿಯನ್ನು ಮುಚ್ಚಿಟ್ಟು, ಅದು ಬೇಕೆಂದೇ ಮಾಡಿದ್ದು ಎಂದು. ಅದೊಂದು ಪುಟ್ಟ ಸುಳ್ಳು. ಆ ಸುಳ್ಳನ್ನು ತಿದ್ದುತ್ತಾ ಕುಳಿತ ಲಿಂಡ್ಸೆಯ ಮುಖದಲ್ಲಿ ಇಪ್ಪತ್ತರ ಹರೆಯದ ಕಿಡಿಗೇಡಿತನ ಇರುತ್ತಿತ್ತು.

ಏಪ್ರಿಲ್‌ನ ಒಂದು ಮಂಗಳವಾರ ಬೆಳಿಗ್ಗೆ ಗಂಜಿ ಉಣಿಸುವಾಗ ಲಿಂಡ್ಸೆಗೆ ಉಸಿರು ಕಟ್ಟಿತು. ಆಂಬುಲೆನ್ಸ್ ಬಂದು ಕರೆದೊಯ್ದಿತು. ಐಲ್ಸಾ ಫೋನ್ ಮಾಡಿ ಹೇಳಿದಾಗ ರೇವಿನ್ ಸೇಂಟ್ ಕಿಲ್ಡಾದ ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿಕೊಂಡಿದ್ದಳು. ಸಮುದ್ರದ ಕಡೆಯಿಂದ ಗಾಳಿ ಬಸ್ಸನ್ನು ಅಲುಗಾಡಿಸುತ್ತಿತ್ತು. ಹೊರಡಲು ಆರು ನಿಮಿಷ. ಬೇರೇನೂ ತೋಚದೆ ಅವಳು ಫೋನಿನಲ್ಲಿ ಆ ಅಭಿಮಾನಿಗಳ ತಾಣವನ್ನು ತೆರೆದಳು.

ಯಾರೋ ಏಳನೆಯ ಹಾಡಿನಿಂದ ಲಿಂಡ್ಸೆಯ ನಾಲಿಗೆ ತೀರಾ ಹೊರಳಾಡುವ ಒಂದು ಸಾಲನ್ನು ಕತ್ತರಿಸಿ ತೆಗೆದು, ಅದನ್ನು ಮತ್ತೆ ಮತ್ತೆ ಬರುವಂತೆ ಜೋಡಿಸಿ ಹಾಕಿದ್ದರು. ಹಿಂದೆ ಬಾಟಲಿಗಳು ಉರುಳುವ ಸದ್ದು ಸೇರಿಸಿದ್ದರು. ಕೆಳಗೆ ನೂರಾರು ಮಂದಿ ನಕ್ಕಿದ್ದರು. 'ಅಜ್ಜನಿಗೆ ಇನ್ನೊಂದು ಸುರಿಯಿರಿ.' 'ಯಾರಾದ್ರೂ ಇವನನ್ನ ಮನೆ ಮುಟ್ಟಿಸಿ.'

ರೇವಿನ್ ಹೆಬ್ಬೆರಳಿನಲ್ಲಿ ನಾಲ್ಕು ಸಾಲು ಬರೆದಳು. ತಾನು ಯಾರು, ಲಿಂಡ್ಸೆಗೆ ಏನಾಗಿದೆ, ಈಗ ಎಲ್ಲಿದ್ದಾನೆ. ಕೊನೆಗೆ, 'ನಗಿ ಈಗ' ಎಂದು ಸೇರಿಸಿದಳು. ಒತ್ತಿದಳು. ಬಸ್ಸನ್ನು ಹೊರಡಿಸಿದಳು. ಇನ್ನೊಂದು ತುದಿಯ ನಿಲ್ದಾಣ ನಾರ್ಮನ್‌ಬಿ ತಲುಪಿ ಮತ್ತೆ ಫೋನ್ ತೆಗೆಯುವ ತನಕ ತಾನು ಮಾಡಿದ್ದೇನೆಂದು ಅವಳ ತಲೆಗೆ ಹೋಗಲಿಲ್ಲ. ಅಷ್ಟರಲ್ಲಿ ಎಂಟುನೂರು ಮಂದಿ ಉತ್ತರ ಬರೆದಿದ್ದರು. ಆಕ್ಲೆಂಡಿನಿಂದ ಡೆರಿಲ್ ಆರು ಸಲ ಫೋನ್ ಮಾಡಿದ್ದ.

ನಗೆಯ ತುಣುಕನ್ನು ಹಾಕಿದವನು ಅದನ್ನು ತೆಗೆದ. ಬೈದವರು ಒಬ್ಬೊಬ್ಬರಾಗಿ ತಮ್ಮ ಮಾತನ್ನು ಅಳಿಸಿದರು. ಮುದುಕರು ಹೆಸರು ಮಾರಿಕೊಳ್ಳುತ್ತಿದ್ದಾರೆ ಎಂದಿದ್ದವನು, ತನಗೆ ಅಳು ತಡೆಯಲಾಗುತ್ತಿಲ್ಲ ಎಂದು ಬರೆದ. ವಾರದೊಳಗೆ ಪತ್ರಿಕೆಗಳಲ್ಲಿ ಬಂತು. ಅದೇ ರೆಕಾರ್ಡು ಈಗ ಧೈರ್ಯದ ಕತೆಯಾಯಿತು. ಪ್ರತಿಗಳು ಮುಗಿದು ಡೆರಿಲ್ ಮತ್ತೆ ಒತ್ತಿಸಿದ. ಒಬ್ಬರಾದರೂ ಕೊನೆಯ ಹಾಡು ಉದ್ದವಾಯಿತೆಂದು ಹೇಳಲಿಲ್ಲ.

ನೆವಿಲ್ ಪ್ರೂಡೆನ್‌ರ ಬರಹವೂ ಹೋಯಿತು. ಅದಿದ್ದ ಜಾಗದಲ್ಲಿ ಒಂದೇ ಸಾಲು ಇತ್ತು: 'ನನ್ನನ್ನು ಕ್ಷಮಿಸಿ, ನಾನು ತಿಳಿಯದೆ ಬರೆದೆ.'

ಲಿಂಡ್ಸೆ ಆಸ್ಪತ್ರೆಯಿಂದ ಹೊಟ್ಟೆಗೆ ಕೊಳವೆ ಹಾಕಿಸಿಕೊಂಡು ಮನೆಗೆ ಬಂದ ದಿನ ರೇವಿನ್ ಹೋದಳು. ಅವನು ಟ್ಯಾಬಿನಲ್ಲಿ ಮೊದಲೇ ಬರೆದಿಟ್ಟುಕೊಂಡಿದ್ದ. ಅವಳು ಕೂರುವುದಕ್ಕೆ ಮುಂಚೆಯೇ ಗುಂಡಿ ಒತ್ತಿದ.

"ನೀನು ಅದನ್ನ ಸಾಯಿಸ್ದೆ," ಎಂದಿತು ಯಂತ್ರದ ಹೆಣ್ಣು ದನಿ, ಹವಾಮಾನ ವರದಿ ಓದುವಂತೆ. "ಇನ್ನು ಯಾರೂ ಅದನ್ನ ಕೇಳಲ್ಲ. ನನ್ನನ್ನ ಕೇಳ್ತಾರೆ. ನಂಗೆ ಒಬ್ಬ ಸಿಕ್ಕಿದ್ದ. ಅವ್ನನ್ನೂ ಓಡಿಸ್ದೆ. ಬರ್ಬೇಡ."

"ಅವ್ರು ನಿನ್ನನ್ನ ಹಾಗೆ ಆಡ್ಕೋತಿದ್ರೆ ನಾನು ಹೇಗೋ ಸುಮ್ನಿರ್ಲಿ? ನೀನು ಆಸ್ಪತ್ರೇಲಿ..."

ಅವನು ಅದೇ ಗುಂಡಿಯನ್ನು ಮತ್ತೆ ಒತ್ತಿದ. ಅದೇ ಮಾತು ಮೊದಲಿನಿಂದ ಬಂತು. ಐಲ್ಸಾ ಬಾಗಿಲ ತನಕ ಬಂದು, "ನಂಗೇನೋ ನೀನು ಹೇಳಿದ್ದೇ ಸರಿ ಅನ್ಸುತ್ತೆ. ಆದ್ರೆ ಅವ್ನು ಬೇಡ ಅಂದ್ಮೇಲೆ ಬೇಡ," ಎಂದು ಬಾಗಿಲು ಹಾಕಿಕೊಂಡಳು.

ತಾಹು ಬೈಯಲಿಲ್ಲ. ಅವನಿಗೆ ಫೋನ್ ಮಾಡಿದಾಗ, "ನಾನಾಗಿದ್ರೂ ಬರೀತಿದ್ನೇನೋ. ಆದ್ರೆ ಬರೀಲಿಲ್ವಲ್ಲ," ಎಂದ. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

ಜೂನ್ ತಿಂಗಳ ಒಂದು ರಜೆಯ ದಿನ ರೇವಿನ್ ಬೆಳಗ್ಗೆಯೇ ಕಾರು ತೆಗೆದುಕೊಂಡು ಇನ್ವರ್‌ಕಾರ್ಗಿಲ್‌ಗೆ ಹೊರಟಳು. ರಸ್ತೆಯ ಎರಡೂ ಕಡೆ ಹಿಮಗಟ್ಟಿದ ಹುಲ್ಲಿನಲ್ಲಿ ಕುರಿಗಳು ಬೆನ್ನು ತಿರುಗಿಸಿ ನಿಂತಿದ್ದವು. ನೆವಿಲ್ ಪ್ರೂಡೆನ್ ರೈಲ್ವೆಯಿಂದ ನಿವೃತ್ತರಾದವರು, ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ. ಬಾಗಿಲು ತೆರೆದವರು ಅವಳು ಹೆಸರು ಹೇಳಿದೊಡನೆ ಚೌಕಟ್ಟು ಹಿಡಿದುಕೊಂಡರು.

"ಹೋಗ್ಬಿಟ್ರಾ?"

"ಇಲ್ಲ, ಇದಾನೆ. ನಿಮ್ಮನ್ನ ಒಂದು ಕೇಳ್ಬೇಕಿತ್ತು."

ಮುಂದಿನ ಕೋಣೆಯ ಗೋಡೆಯುದ್ದಕ್ಕೂ ರೆಕಾರ್ಡುಗಳು. ಅವರು ಚಹಾ ಮಾಡಿ ತಂದರು. ಹೆಂಡತಿ ಮಗಳ ಮನೆಗೆ ಹೋಗಿದ್ದಾಳೆ ಎಂದರು. ಎರಡು ತಿಂಗಳಾಯಿತಂತೆ. ರೇವಿನ್‌ಳ ಬರಹ ಬಂದ ದಿನ ಯಾರೋ ಇವರ ಹಳೆಯ ಮಾತನ್ನು ಹೆಸರು ಸಹಿತ ಎಲ್ಲ ಕಡೆ ಹರಡಿದ್ದರು. ಸಾಯುವವನನ್ನು ಕುಡುಕ ಅಂದ ಮುದುಕ ಎಂದು. ಫೋನಿನಲ್ಲಿ ಬೈದರು. ಗೇಟಿಗೆ ಏನೇನೋ ಬಳಿದರು. "ಅವ್ಳಿಗೆ ಹೆದ್ರಿಕೆ ಆಗೋಯ್ತು," ಎಂದರು ನೆವಿಲ್. "ತಪ್ಪು ಅವ್ಳದ್ದೇನಿಲ್ಲ."

ರೇವಿನ್‌ಗೆ ಇದು ಗೊತ್ತಿರಲಿಲ್ಲ. ಕಪ್ಪು ಕೈಯಲ್ಲೇ ಉಳಿಯಿತು. ಕೊನೆಗೆ, ಬಂದ ಕೆಲಸ ಹೇಳಲೇಬೇಕೆಂದು ಹೇಳಿದಳು. "ನೀವು ಬರೆದದ್ದನ್ನ ವಾಪಸ್ ಹಾಕ್ಬೇಕು. ಲಿಂಡ್ಸೆಗೆ ಅದು ತುಂಬಾ ಹಿಡಿಸಿತ್ತು. ಉತ್ತರ ಬರೀತಿದ್ದ ನಿಮಗೆ. ಕೊನೇ ಹಾಡು ಉದ್ದ ಆಯ್ತು ಅಂದ್ರಲ್ಲ, ನೀವು ಹೇಳಿದ್ದೇ ಸರಿ ಅಂದ."

"ವಾಪಸ್ಸಾ?" ನೆವಿಲ್ ನಕ್ಕರು, ಆದರೆ ಅದು ನಗೆಯಂತಿರಲಿಲ್ಲ. "ನನ್ ಗೇಟ್ ನೋಡಿದ್ರಾ ಬರುವಾಗ? ಇನ್ನೊಂದ್ ಸಲ ಬಣ್ಣ ಹೊಡ್ಸೋ ಶಕ್ತಿ ನಂಗಿಲ್ಲ. ಅದೂ ಅಲ್ದೆ ಅದನ್ನ ನಾನು ಎಲ್ಲೂ ಬರೆದಿಟ್ಟಿಲ್ಲ. ಅಳಿಸ್ದೆ, ಹೋಯ್ತು."

"ಹಾಗಾದ್ರೆ ಹೊಸದಾಗಿ ಬರೀರಿ. ಯಾರಿಗೂ ತೋರ್ಸೋದು ಬೇಡ. ಅವ್ನಿಗೆ ಮಾತ್ರ. ಕಾಗದದಲ್ಲಿ ಬರೀರಿ, ನಾನು ತಗೊಂಡು ಹೋಗ್ತೀನಿ. ಮುಲಾಜಿಲ್ದೆ ಬರೀಬೇಕು, ಮೊದ್ಲು ಬರೆದ ಹಾಗೇ."

ನೆವಿಲ್ ಎದ್ದು ಹೋಗಿ 'ಲೋ ವಾಟರ್' ತೆಗೆದು ಹಾಕಿದರು. ಇಬ್ಬರೂ ಕೂತು ಮೊದಲಿನಿಂದ ಕೊನೆಯ ತನಕ ಕೇಳಿದರು. ನೆವಿಲ್‌ರ ತೊಡೆಯ ಮೇಲೆ ಕಾಗದ ಇತ್ತು, ಕೈಯಲ್ಲಿ ಪೆನ್ನು. ಐದನೆಯ ಹಾಡು ಬಂತು, ಹೋಯಿತು. ಏಳನೆಯದು ಬಂದಾಗ ಅವರು ಕನ್ನಡಕ ತೆಗೆದರು. ಕೊನೆಯ ಹಾಡಿನ ಏಳು ನಿಮಿಷ ಮುಗಿದು ಸೂಜಿ ಎದ್ದು ಬದಿಗೆ ಸರಿಯಿತು. ಕಾಗದ ಖಾಲಿಯಾಗಿಯೇ ಇತ್ತು.

"ಆಗ್ತಿಲ್ಲ," ಎಂದರು. "ನಂಗೆ ಈಗ ಹಾಡು ಕೇಳ್ಸಲ್ಲ ಅಮ್ಮ. ಇಲ್ಲಿ ನಾಲಿಗೆ ಬಿತ್ತು, ಇಲ್ಲಿ ಕೈ ಬಿತ್ತು, ಇದೇ ಕೇಳ್ಸೋದು. ಕೊನೇದು ಯಾಕೆ ಏಳು ನಿಮಿಷ ಅಂತ ಈಗ ನಂಗೂ ಗೊತ್ತಾಗೋಯ್ತು. ಗೊತ್ತಾದ್ಮೇಲೆ ಅದನ್ನ ಉದ್ದ ಅಂತ ಹೇಗೆ ಬರೀಲಿ? ಬರೆದ್ರೂ ಅದು ಸುಳ್ಳಾಗುತ್ತೆ. ಅವ್ರಿಗೆ ಅದು ಗೊತ್ತಾಗದೇ ಇರುತ್ತಾ?"

ರೇವಿನ್ ಎದ್ದು ಕಾರಿನ ಕೀಲಿ ಕೈಗೆತ್ತಿಕೊಂಡಳು. ಹೊರಡುವಾಗ ನೆವಿಲ್ ಗೇಟಿನ ತನಕ ಬಂದರು. ಹೊಸ ಬಣ್ಣದ ಕೆಳಗೆ ಹಳೆಯ ಅಕ್ಷರಗಳು ಇನ್ನೂ ಕಾಣುತ್ತಿದ್ದವು.

ಆಗಸ್ಟ್ ಕೊನೆಯಲ್ಲಿ ಐಲ್ಸಾ ಫೋನ್ ಮಾಡಿದಳು. ಅವಳ ಸೊಂಟ ಹಿಡಿದಿತ್ತು, ಲಿಂಡ್ಸೆಯನ್ನು ಒಬ್ಬಳೇ ಹೊರಳಿಸಲು ಆಗುತ್ತಿರಲಿಲ್ಲ. "ಅವ್ನನ್ನ ಕೇಳ್ದೆ. ಬರ್ಲಿ ಅಂದ." ಅವನ ಕೈಯೂ ಅಷ್ಟರಲ್ಲಿ ಹೋಗಿತ್ತು. ಮಂಚದ ಪಕ್ಕ ಅಕ್ಷರಗಳನ್ನು ಬರೆದ ಒಂದು ಪಾರದರ್ಶಕ ಹಲಗೆ ಇತ್ತು. ಎದುರಿಗೆ ಹಿಡಿದರೆ ಅವನು ಕಣ್ಣಿನಿಂದ ಒಂದೊಂದು ಅಕ್ಷರ ತೋರಿಸುತ್ತಿದ್ದ, ಹಿಡಿದವರು ಜೋಡಿಸಿ ಓದಬೇಕು.

ರೇವಿನ್ ವಾರಕ್ಕೆ ಮೂರು ದಿನ ಹೋಗತೊಡಗಿದಳು. ಹೊರಳಿಸಿದಳು, ಮುಖ ತೊಳೆದಳು, ಬಾಯಿಯ ಜೊಲ್ಲನ್ನು ಒರೆಸಿದಳು. ಅವಳು ತಾಣದಲ್ಲಿ ಬರೆದದ್ದರ ವಿಷಯ ಇಬ್ಬರೂ ಎತ್ತಲಿಲ್ಲ. ಮೂರನೆಯ ವಾರ, ಒಂದು ಮಧ್ಯಾಹ್ನ, ಅವನು ಕಣ್ಣಿನಲ್ಲೇ ಹಲಗೆ ತೋರಿಸಿದ. ಅವಳು ಹಿಡಿದಳು. ಬಹಳ ಹೊತ್ತು ಹಿಡಿಯಿತು.

"ನೆವಿಲ್. ವಾಪಸ್ ಬರೆದ್ರಾ?"

ತಾನು ಇನ್ವರ್‌ಕಾರ್ಗಿಲ್‌ಗೆ ಹೋಗಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಲಿಂಡ್ಸೆ ಸುಮ್ಮನೆ ಆಸೆಯಿಂದ ಕೇಳಿದ್ದ. ರೇವಿನ್ ಹಲಗೆಯನ್ನು ಕೆಳಗಿಟ್ಟಳು.

"ಹೂಂ ಕಣೋ," ಎಂದಳು. "ಬರೆದಿದಾರೆ. ಓದ್ಲಾ?"

ಚೀಲದಿಂದ ಫೋನ್ ತೆಗೆದು, ಅವನಿಗೆ ಪರದೆ ಕಾಣದಂತೆ ಹಿಡಿದುಕೊಂಡಳು. ಪರದೆಯ ಮೇಲೆ ಮರುದಿನದ ಪಾಳಿಯ ಪಟ್ಟಿ ಇತ್ತು. ಅದನ್ನು ನೋಡುತ್ತಾ ಅವಳು ಓದತೊಡಗಿದಳು. ಮೊದಮೊದಲು ನೆವಿಲ್‌ರ ಹಳೆಯ ಮಾತುಗಳನ್ನೇ ನೆನಪು ಮಾಡಿಕೊಂಡು ಹೇಳಿದಳು. ಅವು ಮುಗಿದ ಮೇಲೆ ಬೇರೆಯವು ಬಂದವು. ಎರಡನೆಯ ಹಾಡಿಗೆ ಇನ್ನೊಂದು ಚರಣ ಬೇಕಿತ್ತು, ಮಳೆಯ ಬಗ್ಗೆ ಬರೆದದ್ದು ಸಾಕಾಗಿ ಬಿಟ್ಟ ಹಾಗಿದೆ. ಆರನೆಯ ಹಾಡು ಮೊದಲ ರೆಕಾರ್ಡಿನ ಒಂದು ಹಾಡಿನದೇ ನಕಲು, ಕ್ರಾಂಬಿ ತನ್ನ ಜೇಬಿಗೆ ತಾನೇ ಕೈ ಹಾಕಿದ್ದಾನೆ. ಡ್ರಮ್ಸ್‌ನವಳು ಎಂಟನೆಯ ಹಾಡಿನಲ್ಲಿ ಹೆದರಿಕೊಂಡು ಬಾರಿಸುತ್ತಾಳೆ, ಹಾಡು ಅವಳನ್ನು ಎಳೆದುಕೊಂಡು ಹೋಗಬೇಕಾಗಿದೆ. ಇವೆಲ್ಲ ರೇವಿನ್‌ಗೆ ಶೆಡ್ಡಿನಲ್ಲೇ ಅನಿಸಿದ್ದ ಮಾತುಗಳು. ಸಾಯುತ್ತಿರುವವನಿಗೆ ಯಾಕೆ ಹೇಳಲಿ ಎಂದು ನುಂಗಿಕೊಂಡಿದ್ದವು. ಕಾಲು ಗಂಟೆ ಓದಿದಳು.

ಲಿಂಡ್ಸೆ ಕಣ್ಣು ಮಿಟುಕಿಸದೆ ಕೇಳಿದ. ಅವಳು ನಿಲ್ಲಿಸಿದಾಗ ಹಲಗೆಯ ಕಡೆ ನೋಡಿದ.

"ಆರನೇದು ನಕಲಲ್ಲ," ಎಂದು ತೋರಿಸಿದ. ಸ್ವಲ್ಪ ತಡೆದು, "ಇನ್ನೂ ಇದೆಯಾ?"

"ಇದೆ. ನಾಳಿದ್ದು ಓದ್ತೀನಿ."

ಅವನಿಗೆ ಗೊತ್ತಾಯಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಆಮೇಲೆ ಎರಡು ಸಲ ಓದಿದಳು. ಮೂರನೆಯ ಸಲಕ್ಕೆ ಅವನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದಿತ್ತು. ಸೆಪ್ಟೆಂಬರ್ ಇಪ್ಪತ್ತೆರಡರ ಬೆಳಿಗ್ಗೆ, ಐಲ್ಸಾ ಪರದೆ ಸರಿಸುತ್ತಿದ್ದಾಗ, ಹೋದ.

ಅಂತ್ಯಕ್ರಿಯೆಗೆ ಪೋರ್ಟ್ ಚಾಮರ್ಸ್‌ನ ಚರ್ಚಿನಲ್ಲಿ ಜಾಗ ಸಾಲಲಿಲ್ಲ. ಬಂದರಿನವರು ಹಿಂದಿನ ಸಾಲಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಡೆರಿಲ್ ಆಕ್ಲೆಂಡಿನಿಂದ ಬಂದಿದ್ದ. 'ಲೋ ವಾಟರ್' ಹೊಸದಾಗಿ ಒತ್ತುವ ಪ್ರತಿಗಳ ಹೊದಿಕೆಗೆ ಕಾಯಿಲೆಯ ಕತೆ ಬರೆದ ಒಂದು ಚೀಟಿ ಅಂಟಿಸುವುದಕ್ಕೆ ಐಲ್ಸಾಳಿಂದ ಒಪ್ಪಿಗೆ ಪಡೆದಿದ್ದ. ಬೇಡ ಎಂದು ತಾಹು ಅವನನ್ನು ಮೂಲೆಗೆ ಕರೆದು ಹೇಳಿದ. "ಅಕ್ಕ ಒಪ್ಪಿದಾರೆ ಕಣಯ್ಯಾ," ಎಂದ ಡೆರಿಲ್. ಐಲ್ಸಾಳನ್ನು ಕೇಳಿದರೆ, "ಒಂದೂವರೆ ವರ್ಷ ಅವ್ನ ಬಾಯಿ ಒರೆಸಿದ್ದು ನಾನು. ಅವ್ನು ಪಟ್ಟಿದ್ದು ನಾಲ್ಕು ಜನಕ್ಕೆ ಗೊತ್ತಾಗ್ಲಿ ಬಿಡಿ," ಎಂದಳು.

ಚಹಾ ಕೊಡುವಾಗ ಒಬ್ಬ ಹೆಂಗಸು ರೇವಿನ್‌ಳ ಕೈ ಹಿಡಿದುಕೊಂಡಳು. ಮೆಲ್ಬರ್ನ್‌ನಿಂದ ವಿಮಾನದಲ್ಲಿ ಬಂದಿದ್ದಳಂತೆ, ಮೂವತ್ತರ ಆಸುಪಾಸಿನವಳು, ಅತ್ತು ಮೂಗು ಕೆಂಪಾಗಿತ್ತು.

"ಮೂರನೇ ಹಾಡು," ಎಂದಳು. "ಅದ್ರಲ್ಲಿ ಅವ್ರು ಎಷ್ಟು ಕಷ್ಟಪಟ್ಟು ಹಾಡಿದಾರೆ ಅಲ್ವಾ? ಪ್ರತಿ ಉಸಿರಲ್ಲೂ ಆ ಕಾಯಿಲೆ ಕೇಳ್ಸುತ್ತೆ. ನಂಗೆ ಪೂರ್ತಿ ಕೇಳೋಕೇ ಆಗಲ್ಲ."

ಮೂರನೆಯ ಹಾಡು ಆ ಚಳಿಗಾಲದ್ದಲ್ಲ. ಹಾಡುಗಳು ಕಡಿಮೆ ಬಿದ್ದವೆಂದು ತಾಹುವಿನ ಅಟ್ಟದಲ್ಲಿ ಸಿಕ್ಕ ಎಂಬತ್ತೆಂಟರ ಕ್ಯಾಸೆಟ್ಟಿನಿಂದ ತೆಗೆದು ಸೇರಿಸಿದ್ದು. ಅದನ್ನು ಹಾಡಿದಾಗ ಲಿಂಡ್ಸೆಗೆ ಇಪ್ಪತ್ತನಾಲ್ಕು. ಫುಟ್‌ಬಾಲ್ ಆಡಿ ಓಡಿಬಂದಿದ್ದ, ಅದಕ್ಕೇ ಏದುಸಿರು.

ರೇವಿನ್ ಆ ಹೆಂಗಸಿನ ಮುಖ ನೋಡಿದಳು. "ಹೌದು," ಎಂದಳು. "ಕಷ್ಟ ಪಟ್ಟ."

ಖಾಲಿ ಕಪ್ಪುಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಚರ್ಚಿನ ಅಡುಗೆಮನೆಗೆ ಹೋದಳು. ತಾಹು ಅಲ್ಲಿ ಅಂಗಿಯ ತೋಳು ಮಡಚಿ ನಿಂತು ಕಪ್ಪು ತೊಳೆಯುತ್ತಿದ್ದ. ಅವನಿಗೆ ಎಲ್ಲ ಕೇಳಿಸಿತ್ತು.

"ನಿಜ ಹೇಳ್ಬೋದಿತ್ತಲ್ಲ ಅವ್ಳಿಗೆ," ಎಂದ.

"ಹೇಳ್ಬೋದಿತ್ತು," ಎಂದಳು ರೇವಿನ್. ಒಂದು ಬಟ್ಟೆ ತೆಗೆದುಕೊಂಡು, ಅವನು ತೊಳೆದಿಟ್ಟ ಕಪ್ಪುಗಳನ್ನು ಒಂದೊಂದಾಗಿ ಒರೆಸತೊಡಗಿದಳು.